ಮೂರನೆಯ ತಟ್ಟೆ

ಕೆಮ್ಮು ಒಂದೇ ಸಲ ಕೇಳಿಸಿತ್ತು. ಅದೂ ಅರ್ಧಕ್ಕೆ ನಿಂತಿತ್ತು, ಯಾರೋ ಬಾಯಿಗೆ ಕೈ ಒತ್ತಿದ ಹಾಗೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಗೋಡೆಯಾಚೆಯಿಂದ ಬಂದ ಆ ಸದ್ದನ್ನು ದರ್ಜಿ ವ್ರೂಬೆಲ್ ಬೆಳಿಗ್ಗೆ ಠಾಣೆಗೆ ಹೊತ್ತು ತಂದ.

ದಿನಾಂಕ 25-12-1942. ಇನ್ಸ್‌ಪೆಕ್ಟರ್ ರೊಗಾಲಾ ದೂರು ಬರೆದುಕೊಂಡ.

“ಪಕ್ಕದ್ಮನೆ ಅಗಾತಾ ಒಬ್ಳೇ ಇರೋದು ಸಾರ್. ಅದು ಮಗು ಕೆಮ್ಮು.”

“ಯಾರ ಮಗು?”

“ಗಾಡಿ ಚಕ್ರ ಮಾಡ್ತಿದ್ದ ಮೆಂದೆಲ್ ಇದ್ನಲ್ಲ, ಅವನ ಹುಡುಗಿ ಪೆರ್ಲಾ ಇರ್ಬೇಕು. ಯಹೂದಿಗಳನ್ನೆಲ್ಲ ರೈಲಿಗೆ ತುಂಬಿದಾಗ ಅವಳೊಬ್ಳು ಸಿಗ್ಲಿಲ್ಲ ಅಂತಾರೆ.” ವ್ರೂಬೆಲ್ ಟೋಪಿಯನ್ನು ಹಿಂಡುತ್ತಿದ್ದ. “ಜರ್ಮನ್ರಿಗೇ ಮೊದ್ಲು ಗೊತ್ತಾದ್ರೆ ನಮ್ಮ ಗಲ್ಲೀನೇ ಸುಟ್ಟಾಕ್ತಾರೆ ಸಾರ್. ನಂಗೂ ಮಕ್ಳಿದಾವೆ.”

ಎಫ್‌ಐಆರ್ ದಾಖಲಾಯಿತು: ಯಹೂದಿಗೆ ಆಸರೆ ಕೊಟ್ಟ ಆರೋಪ. ಊರನ್ನು ಹಿಡಿದಿದ್ದ ಜರ್ಮನ್ನರ ಆಜ್ಞೆಯಲ್ಲಿ ಅದಕ್ಕೆ ಒಂದೇ ಶಿಕ್ಷೆಯಿತ್ತು, ಮರಣ.

ಕಾನ್‌ಸ್ಟೆಬಲ್ ಕಸ್ಪೆರ್ ಜೊತೆ ರೊಗಾಲಾ ಹೋದಾಗ ಅಗಾತಾ ಒಲೆಯ ಬೂದಿ ತೆಗೆಯುತ್ತಿದ್ದಳು.

“ರಾತ್ರಿ ಕೆಮ್ಮಿದ್ಯಾರಮ್ಮ?”

“ನಾನೇ. ಆ ವ್ರೂಬೆಲ್ ಗೊರಕೆಗೆ ನನ್ನ ಗೋಡೆ ಗಾರೆ ಉದುರುತ್ತೆ, ನಾನ್ಯಾವತ್ತಾದ್ರೂ ದೂರು ಕೊಟ್ಟಿದೀನಾ?”

ಕಸ್ಪೆರ್‌ಗೆ ನಗು ಬಂತು. ರೊಗಾಲಾ ಮೇಜು ನೋಡುತ್ತಿದ್ದ. ಹಬ್ಬದೂಟದ ಬಿಳಿ ಬಟ್ಟೆಯನ್ನು ಇನ್ನೂ ಎತ್ತಿರಲಿಲ್ಲ. ಮೇಲೆ ಮೂರು ತಟ್ಟೆ.

“ಒಂದು ನಿಂದು. ಇನ್ನೊಂದು?”

“ಅತಿಥಿಗೆ. ನಿಮ್ಮನೇಲಿ ಇಡಲ್ವಾ?”

ಇಡುತ್ತಾರೆ. ಆ ರಾತ್ರಿ ಯಾರು ಬಾಗಿಲು ತಟ್ಟಿದರೂ ಹಸಿದು ಹೋಗಬಾರದೆಂದು ಊರಿನ ಪ್ರತಿ ಮನೆಯಲ್ಲೂ ಒಂದು ಖಾಲಿ ತಟ್ಟೆ ಇಡುತ್ತಾರೆ. ಇಲ್ಲಿಯೂ ಅದು ಒರೆಸಿಟ್ಟ ಹಾಗೆಯೇ ಇತ್ತು.

“ಮೂರನೇದು?”

ಮೂರನೆಯದರ ಅಂಚಿನಲ್ಲಿ ಮೀನಿನ ಮುಳ್ಳುಗಳು. ಚಿಕ್ಕದನ್ನೂ ಬಿಡದೆ ಯಾರೋ ಆರಿಸಿ ತೆಗೆದಿದ್ದರು. ಮುಳ್ಳು ಬಿಡಿಸಿಕೊಳ್ಳಲು ಬಾರದವರಿಗೆ ಮಾತ್ರ ಹಾಗೆ ಬಿಡಿಸಿ ಕೊಡುತ್ತಾರೆ.

ಅಗಾತಾ ಬೂದಿಯ ಬುಟ್ಟಿ ಕೆಳಗಿಟ್ಟಳು. “ಬಂದಿದ್ಲು. ಉಂಡು ಹೊರಟೋದ್ಲು.”

“ಎಲ್ಲಿಗೆ?”

“ಹೇಳ್ಲಿಲ್ಲ.”

ಶೋಧನೆ ನಡೆಯಿತು. ದನದ ಕೊಟ್ಟಿಗೆ ಕಸ್ಪೆರ್‌ನ ಪಾಲಿಗೆ ಬಂತು. ಆಲೂಗಡ್ಡೆ ಗುಂಡಿಯ ಹಲಗೆ ಎತ್ತಿ, ಹುಲ್ಲಿನೊಳಗೆ ಕೈ ಹಾಕಿದ. ಬೆಚ್ಚಗಿನ ಒಂದು ಪಾದ ತಗುಲಿ, ಹಿಂದಕ್ಕೆ ಸರಿಯಿತು.

“ಏನಾದ್ರೂ ಇದ್ಯೇನೋ?” ರೊಗಾಲಾ ಕೂಗಿದ.

“ಆಲೂಗಡ್ಡೆ ಸಾರ್.”

ಇಬ್ಬರು ಪಂಚರ ಎದುರು ಪಂಚನಾಮೆಯಾಯಿತು: ತಟ್ಟೆ ಮೂರು, ವ್ಯಕ್ತಿ ಯಾರೂ ಇಲ್ಲ. ಅಗಾತಾಳನ್ನು ಬಂಧಿಸಿ ಮುಂಬಾಗಿಲಿಗೆ ಮುದ್ರೆ ಹಾಕಿದರು. ಕೊಟ್ಟಿಗೆಯ ಅಗುಳಿಯನ್ನು ಕಸ್ಪೆರ್ ಹಾಕಿದಂತೆ ಮಾಡಿ ತೆರೆದೇ ಬಿಟ್ಟ.

ಠಾಣೆಯಲ್ಲಿ ರೊಗಾಲಾ ಲೇಖನಿ ಕೆಳಗಿಟ್ಟು ಕೇಳಿದ. “ಅತಿಥಿ ತಟ್ಟೇಲೇ ಅವಳಿಗೂ ಬಡಿಸಿದ್ರೆ ಎರಡೇ ಇರ್ತಿತ್ತು. ನಾನು ಸುಮ್ನೆ ವಾಪಸ್ ಹೋಗ್ತಿದ್ದೆ. ಅಷ್ಟೂ ಹೊಳೀಲಿಲ್ವಾ?”

“ಹೊಳೀತು. ಮಗೂನ ಆ ತಟ್ಟೆ ಮುಂದೇನೇ ಕೂರಿಸ್ದೆ. ‘ಹಾಗಾದ್ರೆ ನಾಳೆ ನಾನು ಹೊರಡ್ಬೇಕಾ ಅಗಾತಮ್ಮ?’ ಅಂತು. ಮನೇಮಕ್ಳಿಗೆ ಯಾರಾದ್ರೂ ಅತಿಥಿ ತಟ್ಟೆ ಇಡ್ತಾರಾ? ಇನ್ನೊಂದು ತಂದಿಟ್ಟೆ.”

ರೊಗಾಲಾ ಅದನ್ನು ಹೇಳಿಕೆಯಲ್ಲಿ ಬರೆಯಲಿಲ್ಲ.

ಕತ್ತಲಾಗುವ ಮುನ್ನ ಕಸ್ಪೆರ್ ರೊಟ್ಟಿ ಕಟ್ಟಿಕೊಂಡು ಕೊಟ್ಟಿಗೆಗೆ ಹೋದ. ಗುಂಡಿ ಖಾಲಿಯಾಗಿತ್ತು, ಹುಲ್ಲು ತಣ್ಣಗಿತ್ತು. ಕೊಟ್ಟಿಗೆಯಿಂದ ಹೊಳೆಯತನಕ ಹಿಮದ ಮೇಲೆ ಚಿಕ್ಕ ಹೆಜ್ಜೆಗಳು, ಬರಿಗಾಲಿನವು. ಹೊಳೆಯ ಮಂಜುಗಡ್ಡೆಯನ್ನು ಗಾಳಿ ಗುಡಿಸಿತ್ತು, ಅಲ್ಲಿಂದಾಚೆ ಗುರುತಿಲ್ಲ. ಆಚೆ ದಡದಲ್ಲೂ ಇರಲಿಲ್ಲ. ಅವನು ತಿರುಗಿ ಬರುತ್ತ ಆ ಹೆಜ್ಜೆಗಳ ಮೇಲೆಲ್ಲ ಬೂಟು ಎಳೆದ.

ಮರುದಿನ ಜರ್ಮನ್ನರ ಲಾರಿ ಬಂತು. ಅಗಾತಾ ಹತ್ತುವಾಗ ಕಸ್ಪೆರ್‌ನನ್ನೇ ನೋಡಿದಳು. ನಿನ್ನೆ ಕೊಟ್ಟಿಗೆಗೆ ಹೋದವನು ಅವನೆಂದು ಅವಳಿಗೆ ಗೊತ್ತಿತ್ತು. ಒಂದು ಸಲ ತಲೆಯಾಡಿಸಿದರೆ ಸಾಕಿತ್ತು. ಮಗು ಉಳಿಯಿತೆಂದೋ, ಇಲ್ಲವೆಂದೋ, ಯಾವ ಕಡೆಗೆ ಆಡಿಸುವುದು?

“ಮುದ್ರೆ ಸರಿಯಾಗಿದ್ಯೇನೋ?” ರೊಗಾಲಾ ಕೇಳಿದ.

“ಇದೆ ಸಾರ್.”

ಹೇಳುವುದು ಇಷ್ಟು ಮಾತ್ರ, ಇನ್ನು ಯಾರಿಗೂ ಏನೂ ಹೇಳುವುದಿಲ್ಲ, ಅವಳಿಗೂ ಇಲ್ಲ ಎಂದು ಕಸ್ಪೆರ್ ನಿಶ್ಚಯಿಸಿ ಲಾರಿಯ ಹಿಂಬದಿಯ ಹಲಗೆ ಎತ್ತಿ ಕೊಂಡಿ ಹಾಕಿದ.