ಸಿನಿಮಾದಲ್ಲಿ ಇಲ್ಲದ ಅಜ್ಜಿ

ಮಧ್ಯಾಹ್ನ ಎರಡೂವರೆಗೆ ದರ್ಜಿ ಏದುಸಿರು ಬಿಡುತ್ತ ದೊಡ್ಡಮ್ಮನ ಮನೆಗೆ ಓಡಿಬಂದಾಗ ಅಳತೆಯ ಟೇಪು ಇನ್ನೂ ಅವನ ಕೊರಳಲ್ಲೇ ಜೋತಾಡುತ್ತಿತ್ತು.

"ದೊಡ್ಡಮ್ಮಾ, ಪುಸ್ತಕ ಹೋಯ್ತು!"

ದೊಡ್ಡಮ್ಮ ಕನ್ನಡಕ ಒರೆಸಿಕೊಂಡಳು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೂತು, ವಿಳಾಸ ಅಳಿಸಿಹೋದ ಕಾಗದಗಳನ್ನು ಸೇರಬೇಕಾದವರಿಗೆ ಸೇರಿಸಿದವಳು ಅವಳು. ನಿವೃತ್ತಳಾದ ಮೇಲೆ ಬೀದಿಯಲ್ಲಿ ಉಂಗುರ ಕಳೆದರೂ ನಾಯಿ ಓಡಿಹೋದರೂ ಜನ ಬರುತ್ತಿದ್ದದ್ದು ಅವಳ ಬಾಗಿಲಿಗೇ. ಅವಳ ಜೊತೆ ಓಡಾಡುವ ಕೆಲಸ ದರ್ಜಿಯದು. ಹೊಲಿಗೆ ಹಿಂದೆ ಬಿದ್ದರೂ ಅದರಲ್ಲಿ ಅವನಿಗೆ ಹೇಳತೀರದ ಹೆಮ್ಮೆ.

ಪುಸ್ತಕವೆಂದರೆ ಚಿತ್ರಮಂದಿರದ ಕ್ಯಾಂಟೀನಿನಲ್ಲಿ ದಾರ ಕಟ್ಟಿ ನೇತುಹಾಕಿದ್ದ ದಪ್ಪ ನೋಟುಬುಕ್ಕು. ಸಿನಿಮಾ ಹುಚ್ಚರೆಲ್ಲ ಚಹಾ ಕುಡಿಯುತ್ತ ಅದರಲ್ಲಿ ತೋಚಿದ್ದನ್ನು ಗೀಚುತ್ತಿದ್ದರು. ಹನ್ನೆರಡು ವರ್ಷದ ಹೊಗಳಿಕೆ, ಬೈಗುಳ ಎಲ್ಲ ಅದರಲ್ಲಿತ್ತು. ಅಂದು ಸಿನಿಮಾ ಯಂತ್ರ ನಡೆಸುವ ಆಪರೇಟರ್ ನಿವೃತ್ತರಾಗುತ್ತಿದ್ದರು. ಉಡುಗೊರೆ ಏನು ಬೇಕೆಂದು ಕೇಳಿದ್ದಕ್ಕೆ, "ಆ ಪುಸ್ತಕ ಕೊಡಿ, ಸಾಕು" ಎಂದಿದ್ದರು. ಐದು ಗಂಟೆಗೆ ಬೀಳ್ಕೊಡುಗೆ. ಪುಸ್ತಕದ ಹೊಣೆ ಹೊತ್ತವನು ದರ್ಜಿ.

"ನಮ್ಮ ಜೊತೆ ಸಿನಿಮಾಕ್ಕೆ ಬರೋ ಆ ಬಸ್ ಕಂಡಕ್ಟರ್ ಮೇಲೇ ನನಗೆ ಅನುಮಾನ," ಎಂದ ಅವನು ದಾರಿಯಲ್ಲಿ. "ಅದರಲ್ಲಿ 'ಕೊನೇ ಸಾಲು' ಅಂತ ಹೆಸರು ಹಾಕಿ ಯಾರೋ ಬರೀತಾರೆ. ಯಾರು ಅಂತ ಯಾರಿಗೂ ಗೊತ್ತಿಲ್ಲ. ಅವರಿಗೂ ಕಂಡಕ್ಟರ್‌ಗೂ ಎಣ್ಣೆ ಸೀಗೆಕಾಯಿ. ಇವತ್ತು ಎಲ್ಲರೂ ಅವರವರು ಬರೆದಿದ್ದನ್ನ ಎದ್ದು ನಿಂತು ಓದಬೇಕು ಅಂತ ನಿನ್ನೆ ತಾನೇ ತೀರ್ಮಾನ ಆಯ್ತು. ಕೊನೇ ಸಾಲಿಗೆ ಚಪ್ಪಾಳೆ ಬೀಳೋದು ಅವನಿಗೆ ಬೇಡ."

"ಜಗಳ ಯಾಕೆ?"

"'ಕೋಲೂರಿ ಮೆಟ್ಟಿಲಿಳಿಯೋ ಆ ಅಜ್ಜಿಗೆ ನನ್ನ ನಮಸ್ಕಾರ' ಅಂತ ಕೊನೇ ಸಾಲು ಬರೆದಿದ್ರು. ಆ ಸಿನಿಮಾದಲ್ಲಿ ಅಜ್ಜಿನೇ ಇಲ್ಲ! ಕಾಲು ಮುರ್ಕೊಂಡ ನಾಯಕ ಕೋಲೂರಿ ಇಳಿಯೋದು. ಕಂಡಕ್ಟರ್ ಅದರ ಕೆಳಗೇ ಬೈದು ಬರೆದ."

ದೊಡ್ಡಮ್ಮ ನಡೆಯುವುದನ್ನು ನಿಲ್ಲಿಸಿದಳು. "ಅವರು ಬರೆದಿದ್ದು ಇನ್ನೇನು ನೆನಪಿದೆ ನಿಂಗೆ?"

ದರ್ಜಿಗೆ ಎಲ್ಲವೂ ಬಾಯಿಪಾಠ. "'ಕಳ್ಳನಿಗೆ ಇಷ್ಟು ಸದ್ದು ಮಾಡೋ ಬೂಟು ಯಾಕೆ ಹಾಕಿಸಿದ್ರು?' 'ಹೊಸ ನಟಿ ಅಳೋಕೆ ಮುಂಚೆ ಒಂದು ಸಲ ಉಸಿರು ಹಿಡೀತಾಳೆ, ನಿಜವಾಗಿ ಅಳೋರು ಹಾಗೇ.' ಎಷ್ಟು ಚೆನ್ನಾಗಿ ಬರೀತಾರೆ ಗೊತ್ತಾ? ಒಂದ್ಸಲ ಮಾತ್ರ, 'ನಾಯಕ ಜೈಲಿಂದ ಹೇಗೆ ಬಂದ ಅಂತ ಹೇಳೋದೇ ಮರೆತರು' ಅಂದಿದ್ರು. ಇಂಟರ್ವಲ್‌ಗೆ ಸ್ವಲ್ಪ ಮುಂಚೆ ಅದೆಲ್ಲ ತೋರಿಸಿದ್ರು, ಪಾಪ, ನಿದ್ದೆ ಹೋಗಿದ್ರೇನೋ."

ಕ್ಯಾಂಟೀನು ಪರದೆಯ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಅದನ್ನು ನಡೆಸುವ ಹೆಂಗಸು ಎರಡು ಲೋಟ ಚಹಾ ಇಟ್ಟಳು. ಚೆಲ್ಲಿದ ಹನಿಯನ್ನು ಕೂಡಲೇ ಒರೆಸಿದಳು. ದೊಡ್ಡಮ್ಮ ಪುಸ್ತಕ ನೇತಾಡುತ್ತಿದ್ದ ಮೊಳೆಯನ್ನು ನೋಡಿದಳು. ದಾರವನ್ನು ಯಾರೂ ಕತ್ತರಿಸಿರಲಿಲ್ಲ. ಗಂಟು ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ, ಅದೇ ಮೊಳೆಗೆ ಸಿಕ್ಕಿಸಿದ್ದರು. ಗೋಡೆಯಾಚೆ ಮ್ಯಾಟಿನಿಯ ಮಾತು ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿತ್ತು. ಮೂರು ಗಂಟೆಯಾದಾಗ ಹೆಂಗಸು ಪಾಪ್‌ಕಾರ್ನ್ ಯಂತ್ರ ಹಾಕಿದಳು. ಆ ಪಟಪಟ ಸದ್ದಿನಲ್ಲಿ ಸಿನಿಮಾ ಮುಳುಗಿಹೋಯಿತು. ಹತ್ತು ನಿಮಿಷಕ್ಕೆ ಇಂಟರ್ವಲ್ ಗಂಟೆ ಹೊಡೆಯಿತು.

"ನಡಿ ಮಗಾ, ಹೊರಗೆ ಕೂರೋಣ," ಎಂದಳು ದೊಡ್ಡಮ್ಮ. "ಪುಸ್ತಕ ಸಿಕ್ಕಿತು."

ದರ್ಜಿ ಕಕ್ಕಾಬಿಕ್ಕಿಯಾದ. ಎಷ್ಟು ಪೀಡಿಸಿದರೂ ಅವಳು, "ಐದು ಗಂಟೆಗೆ ನೋಡು," ಎಂದಳು ಅಷ್ಟೇ.

ಐದಕ್ಕೆ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಿದರು. ದರ್ಜಿಯ ನೋಟ ಕಂಡು ಕಂಡಕ್ಟರ್ ರೇಗಿದ. "ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ? ನಾನು ತಗೊಂಡಿಲ್ಲ!"

"ನೀವಲ್ಲಪ್ಪ," ಎಂದಳು ದೊಡ್ಡಮ್ಮ. "ಕದಿಯೋರು ದಾರ ಸುತ್ತಿಡ್ತಾ ಕೂರಲ್ಲ. ಇದು ದಿನಾ ಈ ಜಾಗ ಓರಣ ಮಾಡೋ ಕೈ. ಆ ಕೈಗೆ ಪುಸ್ತಕ ಬೇಕಾಗಿರಲಿಲ್ಲ, ಇವತ್ತು ಅದನ್ನ ಓದದೇ ಇದ್ರೆ ಸಾಕಾಗಿತ್ತು. ಓದಿದ್ರೆ ಕೊನೇ ಸಾಲು ಎದ್ದು ನಿಲ್ಲಬೇಕಲ್ಲ. ಅವರ ಬರಹ ನೆನಪು ಮಾಡ್ಕೊಳ್ಳಿ. ಬೂಟಿನ ಸದ್ದು, ಅಳೋಳ ಉಸಿರು. ಒಂದು ಸೀರೆ ಬಣ್ಣ, ಒಂದು ಮುಖ ಇದೆಯಾ? ಗೋಡೆಯಾಚೆಯಿಂದ ಕೋಲಿನ ಸದ್ದು ಕೇಳಿದ್ರು, ಅಜ್ಜಿ ಅಂದ್ಕೊಂಡ್ರು. ಇಂಟರ್ವಲ್‌ಗೆ ಮುಂಚಿನ ಹತ್ತು ನಿಮಿಷ ಅವರಿಗೆ ಯಾವತ್ತೂ ಗೊತ್ತಿಲ್ಲ. ನಿದ್ದೆಯಲ್ಲ, ಆಗ ಅವರು ನಮಗೋಸ್ಕರ ಪಾಪ್‌ಕಾರ್ನ್ ಹುರೀತಿರ್ತಾರೆ."

ಕ್ಯಾಂಟೀನಿನ ಹೆಂಗಸು ಸಕ್ಕರೆ ಡಬ್ಬದ ಹಿಂದಿನಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಒಂದು ಸಿನಿಮಾನೂ ನೋಡದೆ ಬರೆದೆ," ಎಂದಳು. "ನಗ್ತೀರಿ ಅಂತ ಹೆದರಿಕೆ ಆಯ್ತು. ಕ್ಷಮಿಸಿ."

ಆಪರೇಟರ್ ಎದ್ದು ಅವಳಿಗೆ ಕೈ ಮುಗಿದರು. "ಅಕ್ಕಾ, ನನ್ನ ಕ್ಯಾಬಿನ್ನಲ್ಲಿ ಯಂತ್ರದ ಗದ್ದಲಕ್ಕೆ ಒಂದು ಮಾತೂ ನೆಟ್ಟಗೆ ಕೇಳಲ್ಲ. ಗಾಜಿನ ಕಿಂಡಿಯಲ್ಲಿ ಬರೀ ನೋಡ್ತಿದ್ದೆ. ಆ ಹುಡುಗಿ ಹೇಗೆ ಅತ್ತಳು ಅಂತ ನಿಮ್ಮ ಬರಹ ಓದಿಯೇ ನನಗೆ ಗೊತ್ತಾಗಿದ್ದು. ಹನ್ನೆರಡು ವರ್ಷ ನೀವು ನನ್ನ ಕಿವಿಯಾಗಿದ್ರಿ. ಈ ಪುಸ್ತಕ ಕೇಳಿದ್ದು ಅದಕ್ಕೇ."

ಹೆಂಗಸು ಸೆರಗಿನಿಂದ ಕಣ್ಣೊತ್ತಿಕೊಂಡಳು. ದರ್ಜಿಗೂ ಕಣ್ಣು ತುಂಬಿತು. ಇಂಥ ದೊಡ್ಡಮ್ಮ ತನಗೆ ಸಿಕ್ಕಿದ್ದಕ್ಕೆ ಅವನು ಮನಸ್ಸಿನಲ್ಲೇ ಅವಳಿಗೆ ಅಡ್ಡಬಿದ್ದ. ಕಂಡಕ್ಟರ್ ಮಾತ್ರ ಗಂಟಲು ಸರಿಮಾಡಿಕೊಂಡು, "ಆರು ಗಂಟೆ ಆಟಕ್ಕೆ ನೀವು ಒಳಗೆ ಹೋಗಿ ಕೂತ್ಕೊಳ್ಳಿ ಅಕ್ಕಾ. ಚಹಾ ನಾನು ಮಾಡ್ತೀನಿ," ಎಂದ. ಅವನ ಚಹಾ ಬಾಯಿಗಿಡಲಾಗಲಿಲ್ಲ, ಆದರೂ ಯಾರೂ ಮಿಗಿಸಲಿಲ್ಲ.

ಯಂತ್ರವನ್ನು ಹೊಸಬನಿಗೆ ಒಪ್ಪಿಸಿ ಬಂದ ಆಪರೇಟರ್ ಪಕ್ಕ, ಕೊನೆಯ ಸಾಲಿನಲ್ಲಿ ಕೂತು ಅವಳು ಸಿನಿಮಾ ನೋಡಿದಳು. ಆಟ ಮುಗಿದ ಮೇಲೆ ಪುಸ್ತಕವನ್ನು ಅವರಿಗೆ ಒಪ್ಪಿಸುವ ಮುಂಚೆ ಎಲ್ಲರ ಎದುರೇ ಕೊನೆಯ ಹಾಳೆ ತಿರುವಿ ಬರೆದಳು. ದರ್ಜಿ ಅದನ್ನು ಗಟ್ಟಿಯಾಗಿ ಓದಿದ:

"ಸೀರೆಗಳು ಬಹಳ ಚೆನ್ನಾಗಿದ್ದವು. ನಾಯಕ ಮಾತ್ರ, ಕೇಳುವಾಗ ಇನ್ನೂ ಸ್ವಲ್ಪ ಎತ್ತರ ಇದ್ದ. — ಕ್ಯಾಂಟೀನಿನವಳು."