ಕುದಿಸಿಟ್ಟ ಟ್ಯೂಬುಗಳು

ಮಹಿಳಾ ಕಾನ್‌ಸ್ಟೆಬಲ್ ಠಾಣೆಯ ಟೀ ಲೋಟಗಳನ್ನು ಒಂದೊಂದಾಗಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕುತ್ತಿದ್ದಳು. ಬೆಳಿಗ್ಗೆ ಒಂಬತ್ತು ಗಂಟೆಗೆ, ಬಿಳಿ ಕೋಟು ಬಿಚ್ಚುವುದನ್ನೂ ಮರೆತ ಮಹಿಳಾ ವಿಜ್ಞಾನಿಯೊಬ್ಬರು ಬಂದು ದೂರು ಬರೆದುಕೊಟ್ಟರು. ಪ್ರಯೋಗಾಲಯದ ಫ್ರೀಜರ್‌ನಲ್ಲಿದ್ದ ಟ್ಯೂಬುಗಳನ್ನು ಯಾರೋ ಹಾಳು ಮಾಡಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಅವಳನ್ನೂ ಹೆಡ್ ಕಾನ್‌ಸ್ಟೆಬಲ್‌ನನ್ನೂ ಕರೆದುಕೊಂಡು ಜೀಪು ಹತ್ತಿದರು.

ಪ್ರಯೋಗಾಲಯದ ಬೀಗ ಮುರಿದಿರಲಿಲ್ಲ. ಒಳಕೋಣೆಯಲ್ಲಿ ಕರೆಂಟ್ ಒಲೆ, ಮೇಲೊಂದು ಅಲ್ಯೂಮಿನಿಯಂ ಪಾತ್ರೆ. ತಣ್ಣಗಾದ ನೀರಿನ ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಟ್ಯೂಬುಗಳು.

"ಕಳ್ಳ ಏನೂ ಕದ್ದಿಲ್ಲ ಸಾರ್. ಅಡುಗೆ ಮಾಡಿಟ್ಟು ಹೋಗಿದ್ದಾನೆ," ಎಂದ ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್.

"ಇದರಲ್ಲಿ ಏನಿತ್ತು?" ಇನ್‌ಸ್ಪೆಕ್ಟರ್ ವಿಜ್ಞಾನಿಯನ್ನು ಕೇಳಿದರು.

"ಹೋದ ವರ್ಷ ಜ್ವರ ಬಂತಲ್ಲ, ಆ ವೈರಸ್ಸಿನ ಮೈಮೇಲಿರೋ ಒಂದು ಪ್ರೋಟೀನ್. ಅದರ ಜೀನನ್ನ ಬೇರೆ ಜೀವಕೋಶಕ್ಕೆ ಸೇರಿಸಿ ಇಲ್ಲೇ ತಯಾರಿಸಿದ್ವಿ. ಜ್ವರಾನ ಬೇಗ ಪತ್ತೆ ಹಚ್ಚೋ ಪರೀಕ್ಷೆಗೆ."

"ಯಾರಿಗಾದ್ರೂ ತಗುಲುತ್ತಾ?"

"ಇಲ್ಲ. ಹುಲಿ ಉಗುರು ಸಿಕ್ಕಿದ್ರೆ ಹುಲಿ ಸಿಕ್ಕಂಗಾ? ಅದಕ್ಕೆ ಜೀವಾನೇ ಇಲ್ಲ. ಕುದಿಸಿದ್ರೆ ಕೆಡುತ್ತೆ. ನಾವು ಮತ್ತೆ ಮೊದಲಿಂದ ಶುರು ಮಾಡಬೇಕು."

ಮಹಿಳಾ ಕಾನ್‌ಸ್ಟೆಬಲ್ ಮೇಜನ್ನು ಮೂಸಿದಳು. ಬ್ಲೀಚಿಂಗ್ ಪೌಡರ್ ವಾಸನೆ. ಕಸದ ಬುಟ್ಟಿಯಲ್ಲಿ, ಬಾಯಿಗೆ ಎರಡು ಗಂಟು ಬಿಗಿದ ಚೀಲದೊಳಗೆ ಕೈಗವಸುಗಳಿದ್ದವು.

"ಸಾರ್, ನಮ್ಮ ಚಿಕ್ಕಪ್ಪನಿಗೆ ಆ ಜ್ವರ ಬಂದಾಗ ಆಸ್ಪತ್ರೆಯವರು ಹೀಗೇ ಹೇಳಿದ್ರು. ರೋಗಿ ಮುಟ್ಟಿದ್ದೆಲ್ಲ ಕುದಿಸಿ, ಬ್ಲೀಚಿಂಗ್ ಹಾಕಿ ಒರೆಸಿ ಅಂತ. ಇದು ರೋಗಿ ನೋಡ್ಕೊಂಡಿರೋರ ಕೈ."

ಇನ್‌ಸ್ಪೆಕ್ಟರ್ ವಿಜ್ಞಾನಿಯತ್ತ ತಿರುಗಿದರು. "ಕೀಲಿ ಯಾರ್ಯಾರ ಹತ್ರ ಇರುತ್ತೆ?"

"ನನ್ನ ಹತ್ರ. ಇನ್ನೊಂದು ಗುಡಿಸಿ ಒರೆಸೋ ಅಕ್ಕನ ಹತ್ರ."

"ಅವರ ಮನೇಲಿ ಯಾರಿಗಾದ್ರೂ ಆ ಜ್ವರ ಬಂದಿತ್ತಾ?"

ವಿಜ್ಞಾನಿ ಪಾತ್ರೆಯನ್ನೇ ನೋಡಿದರು. "ಮಗಳಿಗೆ. ತೀರ್ಕೊಂಡ್ಲು. ಏನು ಜ್ವರ ಅಂತ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು."

ಆ ಕೆಲಸದಾಕೆ ಹಿತ್ತಲ ನಲ್ಲಿಯ ಬಳಿ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಪೊಲೀಸರನ್ನು ಕಂಡು ಎದ್ದು ನಿಂತಳು.

"ಕುದಿಸಿದ್ದು ನೀವೇನಮ್ಮಾ?"

"ಹೌದು ಸಾರ್."

"ಯಾಕೆ?"

"ಮಗಳ ಆಸ್ಪತ್ರೆ ಚೀಟಿ ಮೇಲಿದ್ದ ಜ್ವರದ ಹೆಸರೇ ಈ ಸಣ್ಣ ಡಬ್ಬಿಗಳ ಮೇಲೂ ಇತ್ತು. ಇಲ್ಲಿ ಓದೋ ಹುಡುಗ್ರು 'ಬೆಳೆಸ್ತಾ ಇದೀವಿ' ಅಂತ ಮಾತಾಡ್ಕೋತಿದ್ರು. ಅಮ್ಮಾವ್ರು ದಿನಾ 'ಅಕ್ಕಾ, ಆ ಫ್ರೀಜರ್ ಜೋಪಾನ' ಅಂತಿದ್ರು." ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹರವಿದಳು. "ಅವಳನ್ನ ಕೊಂದಿದ್ದನ್ನ ನಾನು ಜೋಪಾನ ಮಾಡ್ಲಾ ಸಾರ್?"

ಹನ್ನೊಂದೂವರೆಗೆ ಬಂಧನದ ಕಾಗದಕ್ಕೆ ಆಕೆ ಸಹಿ ಹಾಕಿದಳು. ಕೃತ್ಯದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ 'ದ್ವೇಷ' ಎಂದು ಬರೆದು, ಹೊಡೆದುಹಾಕಿ, 'ಮಗಳ ಸಾವು' ಎಂದು ಬರೆದರು.

ಜೀಪಿನಲ್ಲಿ ಕೂತ ಮೇಲೆ ಆಕೆ ಹೊರಗೆ ನಿಂತಿದ್ದ ವಿಜ್ಞಾನಿಯ ಕಡೆ ಬಾಗಿದಳು.

"ಅಮ್ಮಾವ್ರೇ, ಅದು ಪೂರ್ತಿ ಸತ್ತಿದೆ ಅಂತ ಒಂದ್ಸಲ ಹೇಳಿಬಿಡಿ."

ವಿಜ್ಞಾನಿ "ಅದಕ್ಕೆ ಜೀವಾನೇ..." ಎಂದು ಅರ್ಧಕ್ಕೆ ನಿಲ್ಲಿಸಿ ಕೋಟಿನ ಗುಂಡಿ ಬಿಚ್ಚತೊಡಗಿದರು. ಹೆಡ್ ಕಾನ್‌ಸ್ಟೆಬಲ್ ಜೀಪು ಸ್ಟಾರ್ಟ್ ಮಾಡಿದ.