ಬಟ್ಟಲಿನ ನೀಲಿ ಮಣಿಗಳು

ಫೆಬ್ರವರಿ ಎಂಟು, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತು. ನಿವೃತ್ತ ಭೂಗೋಳ ಮೇಷ್ಟ್ರು ಗೆಳೆಯನ ಭುಜ ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತಿದರು. ಗೆಳೆಯ ಎಂದರೆ ಮುಖ್ಯರಸ್ತೆಯ ಕನ್ನಡಕದಂಗಡಿಯ ಯಜಮಾನ. ಮೇಷ್ಟ್ರಿಗೆ ಕುರ್ಚಿ ಎಳೆದುಕೊಟ್ಟ, ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟ, ತಾನು ಗೋಡೆಗೊರಗಿ ನಿಂತ.

ಇನ್‌ಸ್ಪೆಕ್ಟರ್ ಹದಿನಾರು ವರ್ಷದ ಸೇವೆಯಲ್ಲಿ ಸರ, ಬೈಕು, ಒಮ್ಮೆ ಚೌಕಟ್ಟಿನ ಸಮೇತ ಒಂದು ಬಾಗಿಲು ಕಳುವಾದ ದೂರನ್ನೂ ಬರೆದುಕೊಂಡಿದ್ದರು. ಹಳೆಯ ನಾಣ್ಯಗಳ ದೂರು ಇದೇ ಮೊದಲು.

"ಎಷ್ಟು ಹೋಗಿವೆ?"

"ಮುನ್ನೂರ ಹನ್ನೆರಡರಲ್ಲಿ ನಲವತ್ತೊಂದು."

"ಕೊನೇ ಸಲ ನೋಡಿದ್ದು?"

"ಹೋದ ವರ್ಷ, ಫೆಬ್ರವರಿ ಮೊದಲನೇ ಭಾನುವಾರ. ಈ ವರ್ಷ ನಿನ್ನೆ ತೆಗೆದೆ."

"ವರ್ಷಕ್ಕೆ ಒಂದೇ ಸಲಾನಾ?"

ಮೇಷ್ಟ್ರಿಗೆ ಅಷ್ಟು ದುಃಖದಲ್ಲೂ ಪಾಠ ಮಾಡುವ ಹುಕಿ ಬಂತು. ನಾಣ್ಯಕ್ಕೆ ಮೂರು ಶತ್ರುಗಳು: ತೇವ, ಕೈಬೆವರು, ಅಗ್ಗದ ಪ್ಲಾಸ್ಟಿಕ್ಕು. ಆದ್ದರಿಂದ ಹತ್ತಿಯ ಕೈಗವಸು, ಒಂದೊಂದು ನಾಣ್ಯಕ್ಕೂ ಒಂದೊಂದು ಕಾಗದದ ಲಕೋಟೆ, ಬಾಯಿಗೆ ರಬ್ಬರ್ ಪಟ್ಟಿ ಇರುವ ಉಕ್ಕಿನ ಪೆಟ್ಟಿಗೆ, ಒಳಗೆ ತೇವ ಹೀರುವ ಮಣಿಗಳ ಬಟ್ಟಲು. "ತೆಗೆದಷ್ಟೂ ಗಾಳಿ ಒಳಗೆ ಹೋಗುತ್ತೆ. ಇವು ನಮ್ಮ ಕಾಲ ಆದ್ಮೇಲೂ ಇನ್ನೂರು ವರ್ಷ ಇರಬೇಕು ಮೇಡಂ. ಮ್ಯೂಸಿಯಮ್ಮಿಗೆ ಕೊಡೋಕೆ ಪಟ್ಟಿ ಕೂಡ ಸಿದ್ಧವಾಗಿತ್ತು."

"ಮನೆಯೊಳಗೆ ಬೇರೆ ಯಾರ್ಯಾರು ಓಡಾಡ್ತಾರೆ?"

"ಮಗಳು, ಅಳಿಯ. ಬೇರೆ ಯಾರೂ ಇಲ್ಲ." ಸ್ವಲ್ಪ ತಡೆದು ಸೇರಿಸಿದರು. "ಪೆಟ್ಟಿಗೆಯ ಎರಡನೇ ಕೀಲಿ ಅಳಿಯನ ಮನೇಲಿದೆ. ಅದನ್ನೂ ಬರ್ಕೊಳ್ಳಿ."

"ಸಮಾಧಾನ ಮಾಡ್ಕೋ," ಎಂದು ಗೆಳೆಯ ಹಿಂದಿನಿಂದ ಹೇಳಿದ. ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡೂವರೆಗೆ ಸ್ಥಳ ಪಂಚನಾಮೆ. ಬರೆದವರು ದಫೇದಾರರು. ಇವರ ಬರವಣಿಗೆಯೆಂದರೆ ಠಾಣೆಯವರಿಗೆಲ್ಲ ತಮಾಷೆ. ಸೈಕಲ್ ಕಳುವಾದ ಜಾಗಕ್ಕೆ ಕಳಿಸಿದರೆ ಅಂಗಳದ ಹೂಕುಂಡಗಳನ್ನೂ ಎಣಿಸಿ ಬರುವ ಆಸಾಮಿ. ಒಬ್ಬ ಪಂಚ ಪಕ್ಕದ ಮನೆಯ ದರ್ಜಿ. ಇನ್ನೊಬ್ಬರು ಸಿಗಲಿಲ್ಲವೆಂದು ಅಲ್ಲೇ ಇದ್ದ ಕನ್ನಡಕದಂಗಡಿಯವನ ಸಹಿ ಹಾಕಿಸಿಕೊಂಡರು. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ನೆಟ್ಟಗಿದ್ದವು. ಕದ್ದವನ ಕೈಯಲ್ಲಿ ಕೀಲಿಯಿತ್ತು.

ಅಳಿಯ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಮಂಗಳವಾರ, ಬುಧವಾರ, ಗುರುವಾರ ಮೂರು ದಿನವೂ ಶಾಯಿ ಮೆತ್ತಿದ ಬೆರಳುಗಳೊಂದಿಗೆ ಬಂದು ಠಾಣೆಯ ಅದೇ ಬೆಂಚಿನ ಮೇಲೆ ಕೂತ.

"ನಾಣ್ಯಗಳ ಬಗ್ಗೆ ನೀವು ಏನೋ ಅಂದಿದ್ರಂತೆ."

"ತುಕ್ಕಿನ ಚೂರು ಅಂತ ತಮಾಷೆಗೆ ಅಂದಿದ್ದೆ. ಅಷ್ಟಕ್ಕೇ ಕಳ್ಳ ಆಗ್ಬಿಟ್ನಾ ಮೇಡಂ?"

ಗುರುವಾರ ಹೆಂಡತಿಯೂ ಜೊತೆಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. "ನನ್ನ ಗಂಡನ್ನ ನೀವು ಬಿಟ್ರೂ, ಹಿಡಿದ್ರೂ, ನಮ್ಮಪ್ಪ ಬರೆಸಿದ್ದು ಬರೆಸಿದ್ದೇ. ನಮ್ಮ ಮನೆ ಬಾಗಿಲು ಅವರಿಗೆ ಮುಚ್ಚಿದ ಹಾಗೇ," ಎಂದಳು. ನಲವತ್ತೊಂದು ನಾಣ್ಯಕ್ಕೆ ಮುದುಕ ಮಗಳನ್ನೇ ಕಳೆದುಕೊಳ್ಳುತ್ತಿದ್ದಾನೆ ಎಂದು ಇನ್‌ಸ್ಪೆಕ್ಟರ್‌ಗೆ ಅನ್ನಿಸಿತು. ಅವರು ಹೋದ ಮೇಲೆ ಕಡತ ಎಳೆದುಕೊಂಡು ದಫೇದಾರರ ಪಂಚನಾಮೆಯನ್ನು ಮೊದಲ ಸಲ ಪೂರ್ತಿ ಓದಿದರು. ಮೂರನೇ ಪುಟದ ಕೆಳಗೆ ಒಂದು ಸಾಲಿತ್ತು: ಪೆಟ್ಟಿಗೆಯ ಮೂಲೆಯಲ್ಲಿ ಗಾಜಿನ ಬಟ್ಟಲು ಒಂದು, ಅದರ ತುಂಬ ಕಡುನೀಲಿ ಬಣ್ಣದ ಮಣಿಗಳು.

ಅವರು ಮೇಷ್ಟ್ರಿಗೆ ಫೋನ್ ಮಾಡಿದರು. "ಆ ಮಣಿಗಳ ಬಣ್ಣ ಯಾವುದು?"

"ಒಣಗಿದ್ದಾಗ ನೀಲಿ. ತೇವ ಕುಡೀತಾ ಕುಡೀತಾ ಗುಲಾಬಿ ಆಗುತ್ತೆ."

"ವರ್ಷ ಕಳೆದು ಪೆಟ್ಟಿಗೆ ತೆಗೆದಾಗ?"

"ಗುಲಾಬಿನೇ. ಬಾಣಲೇಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗುತ್ತೆ."

"ಈ ಸಲ ನೀಲಿ ಇತ್ತಲ್ಲ. ನೀವು ಬಿಸಿ ಮಾಡಿದ್ರಾ?"

"ಇಲ್ಲ. ಖಾಲಿ ಜಾಗ ನೋಡಿದವನಿಗೆ ಬಟ್ಟಲು ಕಾಣಿಸ್ಲೇ ಇಲ್ಲ."

ಕಳ್ಳ ತನಗೆ ಬೇಕಾದ್ದನ್ನು ಎತ್ತಿಕೊಂಡು, ಬಿಟ್ಟುಹೋಗುವ ನಾಣ್ಯಗಳಿಗೆ ತೇವ ತಾಗದಿರಲಿ ಎಂದು ಮಣಿಗಳನ್ನು ಒಣಗಿಸಿಟ್ಟು ಹೋಗಿದ್ದ. ತುಕ್ಕಿನ ಚೂರು ಎನ್ನುವವನು ಮಾಡುವ ಕೆಲಸವಲ್ಲ ಅದು.

"ಮಣಿ ಒಣಗಿಸೋದು ಯಾರಿಗೆ ಗೊತ್ತು ಮೇಷ್ಟ್ರೇ?"

"ಇಪ್ಪತ್ತಾರು ವರ್ಷದಿಂದ ಒಣಗಿಸೋನು ಅವನೇ. ಕನ್ನಡಕದಂಗಡಿಯವನು."

"ಅವರು ಮನೆಗೆ ಬರೋದನ್ನ ನೀವು ಹೇಳಲಿಲ್ಲ."

"ನೀವು ಬೇರೆಯವರ ವಿಷಯ ಕೇಳಿದ್ರಿ ಮೇಡಂ. ಅವನನ್ನ ಬೇರೆಯವನು ಅಂತ ಹೇಗೆ ಅಂದ್ಕೊಳ್ಳಿ?"

ಮಿಕ್ಕಿದ್ದು ತಾನಾಗಿ ಹೊರಬಿತ್ತು. ಡಿಸೆಂಬರಿನಲ್ಲಿ ಸೊಂಟದ ಆಪರೇಷನ್ನಿಗೆಂದು ಮೇಷ್ಟ್ರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಗಿಡಗಳಿಗೆ ನೀರು ಹಾಕಲು ಮನೆಯ ಕೀಲಿ ಗೆಳೆಯನ ಕೈಯಲ್ಲಿತ್ತು. ಪೆಟ್ಟಿಗೆಯ ಕೀಲಿ ಗ್ಲೋಬಿನ ಪೀಠದಡಿ ಇರುವುದು ಅವನಿಗೆ ಗೊತ್ತಿತ್ತು.

ಫೆಬ್ರವರಿ ಹನ್ನೆರಡು, ಶುಕ್ರವಾರ, ಮಧ್ಯಾಹ್ನ ಹನ್ನೆರಡು. ಕನ್ನಡಕದಂಗಡಿಯ ಗೋಡೆಯುದ್ದಕ್ಕೂ ಲೆನ್ಸುಗಳ ಸಣ್ಣ ಸಣ್ಣ ಡ್ರಾಯರುಗಳು. ದಫೇದಾರರು ಎಲ್ಲವನ್ನೂ ಎಣಿಸತೊಡಗಿದಾಗ ಯಜಮಾನನೇ ಎದ್ದು ಬಂದ. "ಕೆಳಗಿನ ಸಾಲು, ಎಡಗಡೆಯದು. ನಿಧಾನಕ್ಕೆ ಎಳೀರಿ." ಒಳಗೆ ನಲವತ್ತೊಂದು ಕಾಗದದ ಲಕೋಟೆಗಳು, ಪುಟ್ಟ ಬಟ್ಟಲಿನಲ್ಲಿ ನೀಲಿ ಮಣಿಗಳು.

"ಯಾಕೆ?" ಇನ್‌ಸ್ಪೆಕ್ಟರ್ ಕೇಳಿದರು.

"ನೀರು ಹಾಕೋಕೆ ಹೋದಾಗ ಮೇಜಿನ ಮೇಲೆ ಮ್ಯೂಸಿಯಮ್ಮಿನ ಪಟ್ಟಿ ಇತ್ತು. ಮೇಲ್ಗಡೆ, 'ನನ್ನೊಬ್ಬನ ಶ್ರಮದಿಂದ ಕೂಡಿಸಿದ್ದು' ಅಂತ ಬರೆದಿದ್ದ. ಇಪ್ಪತ್ತಾರು ವರ್ಷ ನಾನೂ ಅವನ ಜೊತೆ ಸಂತೆ, ಗುಜರಿ ಅಲೆದಿದ್ದೀನಿ ಮೇಡಂ. ಇಬ್ಬರೂ ಹೋಗಿ ತಂದಿದ್ದನ್ನ ಮಾತ್ರ ತಗೊಂಡೆ. ಉಳಿದವು ಅವನವು, ಮುಟ್ಟಲಿಲ್ಲ."

"ಅಳಿಯ ಮೂರು ದಿನ ನಮ್ಮ ಬೆಂಚಿನ ಮೇಲೆ ಕೂತ. ನೀವು ಪಂಚರ ಸಹಿ ಹಾಕಿ ಸುಮ್ನಿದ್ರಿ."

ಅವನು ತಲೆ ತಗ್ಗಿಸಿದ. "ಅದು ಮಾತ್ರ ನನ್ನ ತಪ್ಪೇ ಮೇಡಂ."

ಹನ್ನೆರಡು ನಲವತ್ತಕ್ಕೆ ದಸ್ತಗಿರಿ. ಕಳ್ಳನ ಸಹಿಯ ಮೇಲೆಯೇ ತಮ್ಮ ಪಂಚನಾಮೆ ನಿಂತಿತ್ತಲ್ಲ ಎಂದು ಇನ್‌ಸ್ಪೆಕ್ಟರ್‌ಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ಮುದ್ದೆಮಾಲು ಗುರುತಿಸಲು ಮೂರು ಗಂಟೆಗೆ ಮೇಷ್ಟ್ರು ಬಂದರು. ಬೆಂಚಿನ ಮೇಲೆ, ಅಳಿಯ ಕೂತಿದ್ದ ಜಾಗದಲ್ಲೇ, ಗೆಳೆಯ ಕೂತಿದ್ದ. ಮೇಷ್ಟ್ರು ಅವನ ಮುಖ ನೋಡಲಿಲ್ಲ. "ನೀನೇ ನನ್ನ ಕೈಹಿಡಿದು ಇಲ್ಲಿಗೆ ಕರ್ಕೊಂಡು ಬಂದ್ಯಲ್ಲೋ," ಎಂದಷ್ಟೇ ಹೇಳಿ ಮೇಜಿನ ಮುಂದೆ ಕೂತರು. ಬರಿಗೈಯಲ್ಲಿ ಒಂದು ನಾಣ್ಯ ಎತ್ತಿ ಅಂಗೈಗೆ ಹಾಕಿಕೊಂಡರು.

"ಅಂಚು ಹಿಡ್ಕೊಳೋ! ಬೆವರು ತಾಗುತ್ತೆ!" ಬೆಂಚಿನಿಂದ ದನಿ ಬಂತು.

ಮೇಷ್ಟ್ರು ನಾಣ್ಯ ಕೆಳಗಿಟ್ಟು ಅದರ ಲಕೋಟೆ ತಿರುಗಿಸಿದರು. ಕದ್ದು ಒಯ್ದ ಮೇಲೆ ಹೊಸದಾಗಿ ಬರೆದ ಲಕೋಟೆ ಅದು, ಗೆಳೆಯನ ದುಂಡಗಿನ ಅಕ್ಷರ. ಊರು, ತಾರೀಖು, ಅದರ ಕೆಳಗೆ: ಸಿಕ್ಕಿದ್ದು ನಮ್ಮಿಬ್ಬರಿಗೆ. ಎರಡನೆಯದರ ಮೇಲೂ ಅದೇ, ಮೂರನೆಯದರ ಮೇಲೂ ಅದೇ. ನಾಲ್ಕನೆಯದಕ್ಕೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ದೂರು ವಾಪಸ್ ತಗೋಬಹುದಾ ಮೇಡಂ?"

"ಆಗಲ್ಲ ಮೇಷ್ಟ್ರೇ. ಇನ್ನು ಕೋರ್ಟಿನಲ್ಲೇ."

ದಫೇದಾರರು ಕೇಸ್ ಡೈರಿ ತೆರೆದು ಕೃತ್ಯದ ಕಾರಣ ಏನೆಂದು ಬರೆಯಲಿ ಎಂದು ಕೇಳಿದರು. ಇನ್‌ಸ್ಪೆಕ್ಟರ್ ಸ್ವಲ್ಪ ಯೋಚಿಸಿ, ಮ್ಯೂಸಿಯಮ್ಮಿನ ಪಟ್ಟಿಯಲ್ಲಿ ಆರೋಪಿಯ ಹೆಸರು ಬಿಟ್ಟುಹೋಗಿತ್ತು ಎಂದು ಬರೆಯಿರಿ ಎಂದರು. ಮೇಷ್ಟ್ರು ಮಿಕ್ಕ ಲಕೋಟೆಗಳನ್ನು ತಿರುಗಿಸಿ ನೋಡದೆ ಎಣಿಸಿದರು. ಎಲ್ಲ ಸೇರಿ ನಲವತ್ತೊಂದೂ ಇದ್ದವು.